ಮೂರು ಮೈಲಿಗೆ ನಿಲ್ಲುವ ಗಾಡಿ

ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಇರುವುದು ಗ್ಯಾರೇಜಿನಲ್ಲಿ. ಅಮೆರಿಕದ ಸ್ಯಾನ್ ಹೊಸೆಯಲ್ಲಿ ನಮ್ಮ ಬೀದಿಯ ಮನೆಗಳೆಲ್ಲ ಹೀಗೆಯೇ. ಅಡುಗೆಮನೆಯ ಪಕ್ಕದ ಬಾಗಿಲು ತೆಗೆದರೆ ಎರಡು ಮೆಟ್ಟಿಲು, ಕೆಳಗೆ ತಣ್ಣನೆಯ ಸಿಮೆಂಟು ನೆಲ, ಗೋಡೆಗೆ ಒರಗಿಸಿದ ಅಕ್ಕಿಮೂಟೆ, ಅದರಾಚೆ ನಮ್ಮ ಯಜಮಾನರ ಮೋಟಾರ್‌ಸೈಕಲ್ಲು. ಬಟ್ಟೆ ಹಾಕಲು ಇಳಿದಾಗಲೆಲ್ಲ ಅದರ ಮುಖ ನೋಡಬೇಕು. ಇವರ ಆಫೀಸಿನ ಶರ್ಟುಗಳನ್ನು ಒಂದೊಂದಾಗಿ ಯಂತ್ರದೊಳಕ್ಕೆ ಬಿಡುವಾಗ, ಸೋಮವಾರದ್ದು ಮನೆಗೆ ಬಂತು, ಮಂಗಳವಾರದ್ದು ಬಂತು, ಬುಧವಾರದ್ದೂ ಬಂತು ತಾಯಿ ಚಾಮುಂಡಿ, ಎಂದು ಒಳಗೊಳಗೇ ಹೇಳಿಕೊಳ್ಳುತ್ತೇನೆ. ನಗಬೇಡಿ. ಗಂಡ ಎರಡು ಚಕ್ರದ ಮೇಲೆ ಫ್ರೀವೇ ಹತ್ತುವವನಾದರೆ, ಹೆಂಡತಿಗೆ ಕೊಳೆಯಾದ ಶರ್ಟಿಗಿಂತ ದೊಡ್ಡ ಪ್ರಸಾದವಿಲ್ಲ.

ನಮಗಿರುವುದು ಒಂದೇ ಕಾರು. ಮಗಳನ್ನು ಶಾಲೆಗೆ ಬಿಡುವುದಕ್ಕೆ, ಗ್ರೋಸರಿ ತರುವುದಕ್ಕೆ ಅದು ನನಗೇ ಇರಲಿ ಎಂಬ ನೆಪ ಮುಂದೆ ಮಾಡಿ ಹೋದ ವರ್ಷ ಇವರು ಯಾರೋ ಓಡಿಸಿ ಬಿಟ್ಟ ಈ ಗಾಡಿಯನ್ನು ಕೊಂಡು ತಂದರು. ನೆಪ ಎಂದು ಯಾಕೆ ಹೇಳಿದೆನೆಂದರೆ, ಅದರ ಮೇಲೆ ಕೂತಾಗ ಇವರ ಮುಖ ಹೇಗಿರುತ್ತದೆಂದು ನಾನು ನೋಡಿದ್ದೇನೆ; ನಮ್ಮ ಮದುವೆಯ ಫೋಟೋದಲ್ಲೂ ಅಷ್ಟು ಕಳೆಯಿಲ್ಲ. ಮಂಡ್ಯದ ಕಾಲುವೆ ಏರಿಯ ಮೇಲೆ ಅಣ್ಣನ ಮೋಟಾರ್‌ಸೈಕಲ್ ಕದ್ದು ಓಡಿಸುತ್ತಿದ್ದವರಂತೆ. ಕಾಲುವೆ ಏರಿಯ ಮೇಲೆ ಎದುರಿಗೆ ಸಿಗುವುದು ಹೆಚ್ಚೆಂದರೆ ಒಂದು ಎತ್ತಿನಗಾಡಿ. ಇಲ್ಲಿನ ಫ್ರೀವೇಯನ್ನು ನೀವು ಕಂಡಿಲ್ಲದಿದ್ದರೆ ಹೀಗೆ ಊಹಿಸಿಕೊಳ್ಳಿ: ನಾಲ್ಕು ಸಾಲು ವಾಹನ, ಒಂದರ ಬಾಲಕ್ಕೆ ಇನ್ನೊಂದರ ಮೂಗು, ಎಲ್ಲವೂ ಒಂದೇ ಉಸಿರಿನಲ್ಲಿ ಓಡುತ್ತಿವೆ. ಅಲ್ಲಿ ಓಡುವುದು ಅಪಾಯವಲ್ಲ, ನಿಲ್ಲುವುದು ಅಪಾಯ. ಓಡುತ್ತಿರುವವರ ನಡುವೆ ಒಬ್ಬ ನಿಂತರೆ ಹಿಂದಿನವನಿಗೆ ಬ್ರೇಕು ತುಳಿಯಲೂ ಹೊತ್ತು ಸಿಗುವುದಿಲ್ಲ. ಕಾರಾದರೆ ಸುತ್ತ ಒಂದಿಷ್ಟು ತಗಡಾದರೂ ಇರುತ್ತದೆ. ಇವರ ಸುತ್ತ ಏನಿದೆ? ನಾನು ಒಗೆದು ಇಸ್ತ್ರಿ ಮಾಡಿದ ಶರ್ಟು.

ಅದಕ್ಕೇ ನವರಾತ್ರಿಯಲ್ಲಿ ಆಯುಧಪೂಜೆಯ ದಿನ ನಾನು ಆ ಗಾಡಿಗೆ ವಿಶೇಷವಾಗಿ ಉಪಚಾರ ಮಾಡಿದ್ದೆ. ಈಳಿಗೆಮಣೆ, ಮಿಕ್ಸಿ, ಹೊಲಿಗೆಯಂತ್ರ, ಕಾರು ಎಲ್ಲಕ್ಕೂ ಒಂದೊಂದು ಬೊಟ್ಟು. ಇದಕ್ಕೆ ಮಾತ್ರ ಊರಿನಿಂದ ತಂದ ಕೊರಡಿನಲ್ಲಿ ಗಂಧ ತೇಯ್ದು, ಕೈಬೆರಳಿನಷ್ಟು ದಪ್ಪಕ್ಕೆ ಹಚ್ಚಿ, ಅದರ ಮೇಲೆ ಕುಂಕುಮವಿಟ್ಟೆ. ಮನುಷ್ಯರಿಗೆ ಹಣೆಯಿರುವಂತೆ ಗಾಡಿಗೂ ಒಂದು ಹಣೆ ಇರಬೇಕಲ್ಲ. ನನ್ನ ಕಣ್ಣಿಗೆ ಹಣೆಯಾಗಿ ಕಂಡದ್ದು ಟ್ಯಾಂಕಿನ ಮೇಲಿನ ಬೆಳ್ಳಿಬಣ್ಣದ ದುಂಡು ಮುಚ್ಚಳ.

“ರೀ, ತೊಳೆಯೋವಾಗ ಇದನ್ನ ಮಾತ್ರ ಒರೆಸಬೇಡಿ” ಎಂದಿದ್ದೆ.

“ಆಯ್ತು ಕಣೇ, ನಿನ್ನ ದೇವರ ತಂಟೆಗೆ ನಾನ್ಯಾಕೆ ಹೋಗ್ಲಿ” ಎಂದಿದ್ದರು.

ಅಕ್ಟೋಬರ್ ಕೊನೆಗೆ, ನವರಾತ್ರಿ ಮುಗಿದ ಮರುದಿನವೇ ಮಳೆ ಹಿಡಿಯಿತು. ಇಲ್ಲಿ ಚಳಿಗಾಲವೆಂದರೆ ಹಿಮವಲ್ಲ, ಜಾರುವ ರಸ್ತೆ. ಇವರು ಗಾಡಿಗೆ ಹಳೆಯ ಹಾಸಿಗೆ ಹೊದಿಕೆ ಹೊದಿಸಿ ಮೂಲೆಗೆ ನಿಲ್ಲಿಸಿ, ತಮ್ಮ ಗೆಳೆಯ ಸತೀಶನ ಕಾರಿನಲ್ಲಿ ಆಫೀಸಿಗೆ ಹೋಗತೊಡಗಿದರು. ಸತೀಶ ಹಾಸನದವನು, ಇವರ ಜೊತೆಯಲ್ಲೇ ಕೆಲಸ, ನನ್ನನ್ನು ಅತ್ತಿಗೆ ಎನ್ನುತ್ತಾನೆ. ಆ ನಾಲ್ಕು ತಿಂಗಳು ನಾನು ಪಟ್ಟ ನೆಮ್ಮದಿಯನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಮಾರ್ಚಿಗೆ ಬೆಟ್ಟಗಳೆಲ್ಲ ಹಸಿರಾಗಿ, ರಸ್ತೆ ಒಣಗಿ, ಹೊದಿಕೆ ಕೆಳಗೆ ಬಿತ್ತು. ಆದರೆ ಗಾಡಿ ಮುನಿಸಿಕೊಂಡಿತ್ತು. ಮೊದಲು ಸ್ಟಾರ್ಟೇ ಆಗಲಿಲ್ಲ. ಬ್ಯಾಟರಿ ಚಾರ್ಜಿಗೆ ಹಾಕಿದರು. ನಾಲ್ಕು ತಿಂಗಳು ನಿಂತು ಹಳಸಿದ ಪೆಟ್ರೋಲನ್ನು ಬಸಿದು ಹೊಸದು ತುಂಬಿದರು. ಪ್ಲಗ್ಗು ಬಿಚ್ಚಿ ಮಸಿ ಕೆರೆದರು. ಶನಿವಾರ ಸತೀಶ ಬಂದ. ಇಬ್ಬರೂ ಸೇರಿ ಕಾರ್ಬೊರೇಟರನ್ನು ಬಿಚ್ಚಿ, ಒಳಗೆ ಬೆಲ್ಲದ ಪಾಕದ ಹಾಗೆ ಅಂಟಿದ್ದ ಕಿಟ್ಟವನ್ನೆಲ್ಲ ತೊಳೆದು, ನನ್ನ ಹಪ್ಪಳದ ತಟ್ಟೆಯಲ್ಲಿ ಬಿಡಿಭಾಗ ಒಣಗಿಸಿ ಮತ್ತೆ ಜೋಡಿಸಿದರು. ತಟ್ಟೆಯ ಆಸೆಯನ್ನು ನಾನು ಅಂದೇ ಬಿಟ್ಟೆ. ಗಾಡಿ ಗುರ್ ಎಂದಿತು. ಇಬ್ಬರೂ ಮಕ್ಕಳ ಹಾಗೆ ಕುಣಿದರು. ಇವರು ಹೊರಟು, ಅರ್ಧ ಗಂಟೆಯ ಮೇಲೆ ಬೆವರು ಸುರಿಸುತ್ತ ಬಂದರು. ಮೂರು ಮೈಲಿ ಚೆನ್ನಾಗಿ ಓಡಿ, ಕೆಮ್ಮಿ, ನಿಂತುಹೋಯಿತಂತೆ. ಮುಚ್ಚಳ ತೆಗೆದು ಪೆಟ್ರೋಲಿದೆಯೇ ಎಂದು ನೋಡಿ, ಮುಚ್ಚಿ, ಕಿಕ್ಕು ಹೊಡೆದರೆ ಏನೂ ಆಗದ ಹಾಗೆ ಸ್ಟಾರ್ಟಾಯಿತಂತೆ. ಮತ್ತೆ ಮೂರು ಮೈಲಿ, ಮತ್ತೆ ಅದೇ ಕೆಮ್ಮು.

“ಕಿಡಿ ಹಾರಿಸೋ ಕಾಯಿಲ್ ಬಿಸಿಯಾಗಿ ಕೈ ಕೊಡ್ತಾ ಇದೆ” ಎಂದ ಸತೀಶ. “ಇಲ್ಲಾಂದ್ರೆ ದೃಷ್ಟಿ ತಾಗಿರ್ಬೇಕು. ಅತ್ತಿಗೆ, ಒಂದು ನಿಂಬೆಹಣ್ಣು ನಿವಾಳಿಸಿ ನೋಡಿ.”

“ನೀನೇ ಅದರ ದೃಷ್ಟಿಬೊಂಬೆ ಕಣಯ್ಯ, ಪಕ್ಕದಲ್ಲಿ ನಿಂತಿದ್ದೀಯಲ್ಲ” ಎಂದರು ಇವರು.

ಹೊಸ ಕಾಯಿಲು ಬಂತು. ಮುಂದಿನ ಶನಿವಾರವೂ ಗಾಡಿ ಮೂರು ಮೈಲಿಗೇ ನಿಂತಿತು. ಇವರ ಮುಖ ಬಾಡಿತು. ನಾನು ದೇವರ ಮುಂದೆ ಒಂದು ಬತ್ತಿ ಹೆಚ್ಚಿಗೆ ಹಚ್ಚಿದೆ. ಇದು ಹೀಗೇ ಕೆಟ್ಟಿರಲಿ, ಬೇಸತ್ತು ಮಾರಿಬಿಡಲಿ ಎಂದು ಬೇಡಿಕೊಂಡೆ. ಗಂಡನ ಒಂದೇ ಒಂದು ಸಂತೋಷ ಮುರಿದುಬೀಳಲಿ ಎಂದು ಬೇಡುವ ಹೆಂಡತಿಗೆ ದೇವರು ಏನೆಂದುಕೊಳ್ಳುತ್ತಾನೋ ಎಂಬ ಅಳುಕಿತ್ತು. ಆದರೆ ಭಯದ ಮುಂದೆ ಅಳುಕು ಎಷ್ಟರದು!

ಮೂರನೆಯ ಶನಿವಾರ ಬೆಳಿಗ್ಗೆ ಬಟ್ಟೆ ತೆಗೆಯಲು ಬಾಗಿಲ ಬಳಿ ಬಂದವಳು ಅಲ್ಲೇ ನಿಂತೆ. ಗ್ಯಾರೇಜಿನೊಳಗೆ ಇವರು ಸತೀಶನಿಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು.

“ಗುರುವಾರ ಸಾಯಂಕಾಲ ಸುಮ್ನೆ ಒಂದು ರೌಂಡು ಅಂತ ೨೮೦ ಫ್ರೀವೇ ಹತ್ತಿಬಿಟ್ಟೆ ಕಣೋ. ನಡು ಲೇನಿಗೆ ಹೋಗೋಕೆ ಮುಂಚೆ ನಿಂತೋಯ್ತು, ಸದ್ಯ. ತಳ್ಕೊಂಡು ಪಕ್ಕಕ್ಕೆ ಬರ್ತಿದ್ದೆ, ಒಂದು ಟ್ರಕ್ಕು ಎಷ್ಟು ಹತ್ರದಲ್ಲಿ ಹೋಯ್ತು ಅಂದ್ರೆ, ಗಾಳಿಗೆ ಗಾಡಿ ಸಮೇತ ವಾಲಿಬಿಟ್ಟೆ.”

“ಅತ್ತಿಗೆಗೆ ಹೇಳಿದ್ಯಾ?”

“ನಿಂಗೇನು ಹುಚ್ಚಾ?”

ನನ್ನ ಕೈಯಲ್ಲಿದ್ದ ಬುಟ್ಟಿ ಭಾರವಾಯಿತು. ಗುರುವಾರದ ಶರ್ಟನ್ನು ಆಗಷ್ಟೇ ಒಗೆದಿದ್ದೆ. ಬಂತು ತಾಯಿ ಎಂದು ಎಂದಿನಂತೆ ಅಂದುಕೊಂಡಿದ್ದೆ. ಅದು ಎಷ್ಟು ಅಂಗುಲದಲ್ಲಿ ತಪ್ಪಿಸಿಕೊಂಡು ಬಂದಿತ್ತು ಎಂಬುದು ನನಗೆ ಗೊತ್ತಿರಲಿಲ್ಲ.

ನಾನು ಮೆಟ್ಟಿಲಿಳಿದೆ. ಇವರು ನನ್ನ ಮುಖ ನೋಡದೆ, “ಇವತ್ತು ಕಡೇ ಸಲ. ಈಗ ಹೋಗಿ ಫ್ರೀವೇ ಹತ್ತಿ ನೋಡ್ತೀನಿ. ನಿಲ್ಲಲಿಲ್ವೋ, ಸರಿ. ನಿಲ್ತೋ, ನಾಳೇನೇ ಮಾರಿಬಿಡ್ತೀನಿ” ಎನ್ನುತ್ತ ಪೆಟ್ರೋಲು ನೋಡಲು ಮುಚ್ಚಳ ತಿರುಗಿಸಿದರು. ಗಾಡಿಯನ್ನು ಆಗತಾನೆ ಬೀದಿಯಲ್ಲಿ ಒಂದು ಸುತ್ತು ಓಡಿಸಿ ತಂದಿದ್ದರು. ಮುಚ್ಚಳ ಸಡಿಲವಾದೊಡನೆ ‘ಉಸ್’ ಎಂದು ಗಾಳಿ ಒಳಕ್ಕೆ ಎಳೆದುಕೊಂಡ ಸದ್ದು.

ಆ ಸದ್ದು ಅವರಿಬ್ಬರಿಗೂ ಕೇಳಿಸಲೇ ಇಲ್ಲವೋ, ಕೇಳಿಸಿಯೂ ಅರ್ಥವಾಗಲಿಲ್ಲವೋ. ನನಗೆ ಅದು ಅಡುಗೆಮನೆಯ ಸದ್ದು. ಹೊಸ ಎಣ್ಣೆಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿ ನೋಡಿ: ನಾಲ್ಕು ಹನಿ ಸುರಿದು ನಿಂತುಹೋಗುತ್ತದೆ, ಆಮೇಲೆ ಗುಳಕ್ ಎಂದು ಉಸಿರೆಳೆಯುತ್ತದೆ. ಎಣ್ಣೆ ಹೊರಗೆ ಬರಬೇಕಾದರೆ ಗಾಳಿ ಒಳಗೆ ಹೋಗಬೇಕು. ಅದಕ್ಕೇ ಎದುರು ಮೂಲೆಯಲ್ಲಿ ಎರಡನೆಯ ತೂತು. ನನ್ನ ಕಣ್ಣು ಮುಚ್ಚಳದ ಮೇಲೆ ಹೋಯಿತು. ಗಾಡಿಯೆಲ್ಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಲ್ಲಿ ಮಾತ್ರ ನನ್ನ ಗಂಧ, ನಾಲ್ಕು ತಿಂಗಳು ಒಣಗಿ ಕಲ್ಲಾಗಿ, ಕುಂಕುಮ ಕಪ್ಪಾಗಿ ಕೂತಿತ್ತು. ಮೂರು ವಾರ ಗಾಡಿಯ ಒಂದೊಂದು ತಿರುಪನ್ನೂ ಉಜ್ಜಿದವರು, ದೇವರಲ್ಲಿ ಅಷ್ಟೇನೂ ನಂಬಿಕೆಯಿಲ್ಲದವರು, ಹೆಂಡತಿ ಹೇಳಿದಳೆಂದು ಅದೊಂದನ್ನು ಮುಟ್ಟಿರಲಿಲ್ಲ.

ನಿಮ್ಮಲ್ಲಿ ಸುಳ್ಳು ಹೇಳಲಾರೆ. ಒಂದು ಗಳಿಗೆ ನಾನು ಬಾಯಿ ಬಿಡಲಿಲ್ಲ. ಸುಮ್ಮನಿದ್ದರೆ ಗಾಡಿ ನಿಲ್ಲುವುದು ಖಂಡಿತ, ನಾಳೆ ಮಾರುವುದೂ ಖಂಡಿತ. ನಾನು ಬೇಡಿದ್ದು ಅದನ್ನೇ. ಆದರೆ ಎಲ್ಲಿ ನಿಲ್ಲುತ್ತದೆ? ಪಕ್ಕದ ಲೇನಿನಲ್ಲೋ, ನಡುವಿನಲ್ಲೋ? ಹಿಂದೆ ಬರುವ ಟ್ರಕ್ಕಿನವನು ಎಚ್ಚರವಾಗಿರುತ್ತಾನೋ? ನನ್ನ ಪ್ರಾರ್ಥನೆಗೆ ಇಷ್ಟು ಹಲ್ಲುಗಳಿದ್ದವೆಂದು ನನಗೆ ತಿಳಿದಿರಲಿಲ್ಲ.

“ರೀ, ಆ ಮುಚ್ಚಳದಲ್ಲಿ ಗಾಳಿ ಹೋಗೋಕೆ ತೂತು ಇರುತ್ತಾ?”

“ಇರುತ್ತೆ. ಯಾಕೆ?”

“ಎಲ್ಲಿದೆ ತೋರ್ಸಿ.”

ಇವರು ಬಗ್ಗಿ ನೋಡಿದರು. ಸತೀಶನೂ ಬಗ್ಗಿದ. ಕಲ್ಲಾದ ಗಂಧವನ್ನು ಇವರು ಉಗುರಿನಿಂದ ತಟ್ಟಿದರು.

“ನಾನೇ ಮುಚ್ಚಿದ್ದು” ಎಂದೆ. “ಕಾಪಾಡ್ಲಿ ಅಂತ ಇಟ್ಟಿದ್ದು, ರೀ. ಗುರುವಾರದ ವಿಷಯ ಕೇಳಿಸ್ಕೊಂಡೆ.”

ಬೈಯುತ್ತಾರೆಂದುಕೊಂಡೆ. ಇವರು ನನ್ನ ಕಡೆ ಕೈ ಚಾಚಿ, “ಒಂದು ಪಿನ್ನು ಕೊಡು” ಎಂದರು. ನಮ್ಮ ಹೆಂಗಸರ ಬಳೆಯಲ್ಲಿ ಪಿನ್ನಿಗೇನು ಬರ, ಬಿಚ್ಚಿ ಕೊಟ್ಟೆ. ಸಾಸಿವೆಯಷ್ಟು ಸಣ್ಣ ತೂತಿನಿಂದ ಗಂಧದ ಪುಡಿ ಉದುರಿತು. ಇನ್ನೂ ವಾಸನೆ ಹೋಗಿರಲಿಲ್ಲ. ಸತೀಶನಿಗೆ ನಗು ತಡೆಯಲಾಗಲಿಲ್ಲ. “ಇಬ್ಬರು ಇಂಜಿನಿಯರು, ಮೂರು ಶನಿವಾರ, ಒಂದು ಹೊಸ ಕಾಯಿಲು! ಆಫೀಸಲ್ಲಿ ಹೇಳ್ಬೇಡಿ ಅತ್ತಿಗೆ, ನಮ್ಮ ಬದಲು ನಿಮ್ಮನ್ನೇ ಕೆಲಸಕ್ಕೆ ಕರೆದುಬಿಡ್ತಾರೆ.”

ನನಗೆ ನಗು ಬರಲಿಲ್ಲ. ನಾವು ದೇವರ ಹೆಸರಿನಲ್ಲಿ ಎಷ್ಟೋ ಸಲ ಪ್ರೀತಿಪಾತ್ರರ ಉಸಿರಿನ ತೂತನ್ನೇ ಮುಚ್ಚುತ್ತೇವೆಯೋ ಏನೋ. ತಾಯಿ ಗುರುವಾರ ಇವರನ್ನು ಕಾಪಾಡಿದ್ದು ನನ್ನ ಗಂಧದ ಬಲದಿಂದಲ್ಲ, ನನ್ನ ಗಂಧವೇ ತಂದ ಅಪಾಯದಿಂದ. ನಡು ಲೇನಿಗೆ ಹೋಗುವ ಮುಂಚೆಯೇ ನಿಲ್ಲಿಸಿದಳಲ್ಲ, ಅದಕ್ಕೆ ಯಾವ ಹೂವು ಏರಿಸಿದರೆ ಸಾಲೀತು?

ಆಡಿದ ಮಾತು ಮಾತೇ ಎಂದು ಇವರು ಹೆಲ್ಮೆಟ್ಟು ಹಾಕಿಕೊಂಡರು. ಹನ್ನೆರಡು ಮೈಲಿ ದೂರದ ಲಾಸ್ ಆಲ್ಟೋಸಿನ ಸತೀಶನ ಮನೆಗೆ ಹೋಗಿ ಫೋನು ಮಾಡುವುದು. ಸತೀಶ ಕಾರಿನಲ್ಲಿ ಹಿಂದೆಯೇ ಬರುವುದು. ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಬಾಯಿಂದ ಬಂದದ್ದು ‘ಹುಷಾರು’ ಮಾತ್ರ. ಗಾಡಿಯ ಸದ್ದು ತಿರುವಿನಲ್ಲಿ ಕರಗಿತು.

ಒಳಗೆ ಬಂದು ಫೋನಿನ ಪಕ್ಕ ನೆಲದ ಮೇಲೆ ಕೂತೆ. ಒಂದು ಮೈಲಿ ಆಗಿರಬೇಕು. ಎರಡು. ಮೂರನೆಯ ಮೈಲಿಯ ಹೊತ್ತಿಗೆ ಕೈಗಳು ತಾವಾಗಿಯೇ ಜೋಡಿಸಿಕೊಂಡವು. ಇಷ್ಟು ದಿನ ನಿಲ್ಲಲಿ, ನಿಲ್ಲಲಿ ಎಂದು ಬೇಡಿದ ಅದೇ ಬಾಯಲ್ಲಿ ಈಗ ಓಡಲಿ ತಾಯಿ, ನಿಲ್ಲದೆ ಓಡಲಿ ಎನ್ನುತ್ತಿದ್ದೆ.

ಇಪ್ಪತ್ತೈದು ನಿಮಿಷಕ್ಕೆ ಫೋನು ಹೊಡೆದುಕೊಂಡಿತು.

“ಬಂದೆ ಕಣೇ. ಎಲ್ಲೂ ನಿಲ್ಲಲಿಲ್ಲ, ಬೆಣ್ಣೆ ಹಾಗೆ ಬಂತು.”

“ಗಾಡಿ ಅಲ್ಲೇ ಬಿಟ್ಟು ಸತೀಶನ ಕಾರಲ್ಲಿ ಬಂದ್ಬಿಡಿ.”

ಆ ಕಡೆ ಜೋರು ನಗು. “ಒಳ್ಳೇ ಕಥೆ! ಹೊರಟೆ, ಅನ್ನಕ್ಕಿಡು.”

ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಆಮೇಲೆ ಮತ್ತೆ ಮೊದಲನೆಯ ಮೈಲಿಯಿಂದ ಶುರುಮಾಡಿದೆ.