ಅಜ್ಜಿಯ ಅಕ್ಕ ಮತ್ತು ಕಪ್ಪಾಗುವ ಪರದೆ

ಗೆಳೆಯರೇ, ಕಂಪ್ಯೂಟರಿಗೆ ವಿಂಡೋಸ್ ಬದಲು ಹೊಸದಾಗಿ ಹಾಕಿದ ಲಿನಕ್ಸ್ ಇವತ್ತು ಸಂಜೆ ನಮ್ಮಜ್ಜಿಯ ಕೈಯಲ್ಲಿ ಬೈಸಿಕೊಂಡಿತು. ಮಾಸ್ತಿ ಊರಿನಲ್ಲಿದ್ದ, ಈಗಿಲ್ಲದ ಅವರ ಅಕ್ಕನ ಹಳೆಯ ಫೋಟೊವನ್ನು ಸ್ಕ್ಯಾನ್ ಮಾಡಿಸಿ ತಂದು ಅಜ್ಜಿಗೆ ದೊಡ್ಡದಾಗಿ ತೋರಿಸಿದ್ದೆ. ಅವರು ಕಣ್ತುಂಬ ನೋಡುವಷ್ಟರಲ್ಲಿ ಪರದೆ ಮತ್ತೆ ಮತ್ತೆ ಕಪ್ಪಾಗುತ್ತಿತ್ತು.

“ಲೇ, ನಮ್ಮಕ್ಕನ್ನ ಎಲ್ಲಿಗೆ ಕಳಿಸ್ದೋ?”

ಸ್ಕ್ರೀನ್‌ಸೇವರ್ ತೆಗೆದೆ. ಆದರೂ ಕಪ್ಪಾಯಿತು. ಮಾನಿಟರ್ ತಾನಾಗಿ ಆರುವ ಸೆಟ್ಟಿಂಗ್ ಬೇರೆಯೇ ಇತ್ತು. ಹುಡುಕಿ ಅದನ್ನೂ ನಿಲ್ಲಿಸಿದೆ.

“ಇನ್ನೆಲ್ಲೂ ಹೋಗಲ್ಲ ನೋಡಜ್ಜಿ” ಎನ್ನುತ್ತಿದ್ದಂತೆ ಇಡೀ ಮುಳಬಾಗಿಲಿನ ಕರೆಂಟ್ ಹೋಯಿತು.

ಬೈಗುಳಕ್ಕೆ ಕಾದೆ. “ಇರ್ಲಿ ಬಿಡೋ, ಅವಳು ದೀಪ ಆರ್ಸಿದ್ಮೇಲೇನೇ ಮಾತು ಶುರು ಮಾಡ್ತಿದ್ದಿದ್ದು” ಎಂದು ನಕ್ಕ ಅಜ್ಜಿ, ಅಕ್ಕ ಹೇಳುತ್ತಿದ್ದ ಕಥೆಗಳನ್ನೇ ಹೇಳತೊಡಗಿದರು.

ಕರೆಂಟ್ ಬಂದಾಗ, “ಆ ಲೈಟ್ ಆರ್ಸೋ” ಎಂದರು. ಅದಕ್ಕೆ ಯಾವ ಸೆಟ್ಟಿಂಗನ್ನೂ ಹುಡುಕಬೇಕಾಗಲಿಲ್ಲ.