ಬಾಲ್ ಎತ್ತಿಕೊಡಲು ಅಷ್ಟು ದೂರ

ಫೆಬ್ರವರಿ ಕೊನೆಯ ವಾರದ ಒಂದು ಸಂಜೆ ಎರಡು ಸೂಟ್‌ಕೇಸು, ಒಂದು ಕೈಚೀಲ ಹಿಡಿದು ಚಂದ್ರಾ ಲೇಔಟಿನ ನಮ್ಮ ಮನೆಯಿಂದ ಹೊರಟೆ. ಏರ್‌ಪೋರ್ಟ್ ಬಸ್ಸಿಗೆ ಮುನ್ನೂರು ಚಿಲ್ಲರೆ; ಟ್ಯಾಕ್ಸಿಯವನು ಅದರ ನಾಲ್ಕರಷ್ಟು ಕೇಳಿದ್ದ. ನಮ್ಮ ಯಜಮಾನರು ಬಸ್ ಸ್ಟಾಪಿನವರೆಗೆ ಸೂಟ್‌ಕೇಸು ಎಳೆದುಕೊಂಡು ಬಂದರು. ಬ್ಯಾಡರಹಳ್ಳಿಯಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ, ಬಿಟ್ಟು ಬರುವ ಹಾಗಿರಲಿಲ್ಲ. ನಮ್ಮತ್ತೆ ಗೇಟಿನ ಹತ್ತಿರ ನಿಂತು, "ಚೆಂಡಾಟ ನೋಡಕ್ಕೆ ಸಮುದ್ರ ದಾಟ್ತಾವ್ಳೆ ನನ್ ಸೊಸೆ. ಹೆತ್ತೋರಿಗೆ ಹೆಗ್ಗಣ ಮುದ್ದು ಅಂತ ಸುಮ್ನೆ ಅಂದ್ರಾ?" ಎಂದು ಎದುರು ಮನೆಯವರಿಗೆ ಕೇಳುವಂತೆ ಹೇಳಿದರು. ಆಮೇಲೆ ನನ್ನ ಕೈಗೆ ಧರ್ಮಸ್ಥಳದ ಕುಂಕುಮದ ಪೊಟ್ಟಣ ತುರುಕಿ, "ಮಂಡಿಗೆ ಹಚ್ಚು" ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು.

ಮಂಡಿ ನಮ್ಮ ಮಗಳು ಇಂಚರಳದು. ಒಂಬತ್ತನೇ ವಯಸ್ಸಿನಿಂದ ಅವಳು ವಿಜಯನಗರದ ಕ್ಲಬ್ಬೊಂದರ ಸಿಮೆಂಟ್ ಕೋರ್ಟಿನಲ್ಲಿ ಬಾಸ್ಕೆಟ್‌ಬಾಲ್ ಆಡಿ ಬೆಳೆದವಳು. ಅಲ್ಲಿನ ಕೋಚ್ ಕೃಷ್ಣಪ್ಪ ಸಾರ್ ಅವರದು ಒಂದೇ ಕಟ್ಟಪ್ಪಣೆ: ಆಡುವವರ ಶೂ ಬಿಟ್ಟರೆ ಯಾರ ಚಪ್ಪಲಿಯೂ ಗೆರೆ ದಾಟಿ ಒಳಗೆ ಬರಕೂಡದು. ಮಕ್ಕಳು ಗೆರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗುತ್ತಿದ್ದರು. ಅಮ್ಮಂದಿರಾದ ನಾವು ಸುಮ್ಮನೆ ಕೂತು ಹರಟೆ ಹೊಡೆಯುವುದನ್ನೂ ಅವರು ಸಹಿಸುತ್ತಿರಲಿಲ್ಲ. "ಬನ್ನಿ ಅಮ್ಮ, ಬಾಲ್ ಎತ್ತಿಕೊಡಿ" ಎನ್ನುತ್ತಿದ್ದರು. ಹಾಗಾಗಿ ಹತ್ತು ವರ್ಷ ನಾನು ಬರಿಗಾಲಲ್ಲಿ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ರಿಂಗ್ ಕೆಳಗೆ ನಿಂತು ಬಾಲ್ ಎತ್ತಿಕೊಟ್ಟೆ. ಬೆಳಗ್ಗೆ ಬಾಲು, ಮಧ್ಯಾಹ್ನ ಬ್ಲೌಸ್ ಹೊಲಿಗೆ, ಇದು ನನ್ನ ದಿನಚರಿಯಾಗಿತ್ತು.

ಆ ಆಟದಿಂದಲೇ ಅವಳಿಗೆ ಅಮೆರಿಕದ ಒಂದು ಸಣ್ಣ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಸಿಕ್ಕಿತು. ಎರಡು ವರ್ಷ ಚೆನ್ನಾಗಿ ಆಡಿದಳು. ಮೂರನೇ ವರ್ಷ ಹಾರಿ ಇಳಿಯುವಾಗ ಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್‌ಗೆ ಹೋಗೋಣವೆಂದರೆ ನನಗೆ ವೀಸಾ ಸಂದರ್ಶನದ ದಿನವೇ ಸಿಗಲಿಲ್ಲ. ಈಗ ನಾಲ್ಕನೇ ವರ್ಷ, ಕಾಲೇಜಿನ ಅಂಗಳದಲ್ಲಿ ಅವಳ ಕೊನೆಯ ಮ್ಯಾಚು. "ಡಾಕ್ಟರು ಆಡಬಹುದು ಅಂದಿದಾರೆ, ಬಾ ಅಮ್ಮ" ಎಂದಿದ್ದಳು. ಅವಳು ಆಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು, ಅಷ್ಟೇ ನನ್ನ ಆಸೆಯಾಗಿತ್ತು.

ದೋಹಾದಲ್ಲಿ ವಿಮಾನ ಬದಲಿಸಿ ಶಿಕಾಗೊ ತಲುಪುವ ಹೊತ್ತಿಗೆ ಕಾಲು ಕಡುಬಿನಂತೆ ಊದಿದ್ದವು. ಅಲ್ಲಿನ ಅಧಿಕಾರಿ ನನ್ನ ಸೂಟ್‌ಕೇಸು ತೆಗೆಸಿ ಕರಿಬೇವನ್ನು ಕಿತ್ತುಕೊಂಡ. ಚಟ್ನಿಪುಡಿ, ಕೋಡುಬಳೆಯನ್ನು ಮೂಸಿ ನೋಡಿ ಬಿಟ್ಟುಕೊಟ್ಟ. ಹೊರಗೆ ಇಂಚರ ನಿಂತಿದ್ದಳು. ಅವಳ ಪಕ್ಕದಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡ, ಎಪ್ಪತ್ತರ ಆಸುಪಾಸಿನ ಎತ್ತರದ ಹೆಂಗಸು. ಅವರೇ ರೂತ್.

ಹೊರದೇಶದಿಂದ ಬಂದ ಆಟಗಾರ್ತಿಯರಿಗೆ ಊರಿನ ಒಂದೊಂದು ಮನೆಯವರು ಆಸರೆಯಾಗಿ ನಿಲ್ಲುವುದು ಆ ಕಾಲೇಜಿನ ಪದ್ಧತಿ. ಇಂಚರಳ ಪಾಲಿಗೆ ಬಂದವರು ರೂತ್. ಆಪರೇಷನ್ ಆದ ಮೇಲೆ ಅವಳನ್ನು ಹಾಸ್ಟೆಲಿಗೆ ಕಳಿಸದೆ ತಮ್ಮ ಮನೆಯಲ್ಲೇ ಮಲಗಿಸಿ, ಸ್ನಾನ ಮಾಡಿಸಿ, ಯೂಟ್ಯೂಬ್ ನೋಡಿ ಅನ್ನ ಸಾರು ಮಾಡಿ ಹಾಕಿದ್ದರು. ಅವರಿಗೆ ಹೇಳಲೆಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಎದುರಿಗೆ ನಿಂತಾಗ ಒಂದೂ ನೆನಪಾಗಲಿಲ್ಲ. ಕೈ ಮುಗಿದೆ, ಅತ್ತುಬಿಟ್ಟೆ. ಅವರು ನನ್ನನ್ನು ತಬ್ಬಿಕೊಂಡು ಬೆನ್ನು ತಟ್ಟುತ್ತಾ ನಿಂತರು.

ಅಲ್ಲಿಂದ ಪಶ್ಚಿಮಕ್ಕೆ ಮೂರು ಗಂಟೆ ಕಾರಿನ ದಾರಿ. ಎರಡೂ ಕಡೆ ಹಿಮ ಮುಚ್ಚಿದ ಜೋಳದ ಹೊಲ. ಅಷ್ಟು ಭೂಮಿಯಲ್ಲಿ ಒಬ್ಬ ಮನುಷ್ಯನೂ ಕಾಣಲಿಲ್ಲ, ನಮ್ಮತ್ತೆ ನೋಡಿದ್ದರೆ "ಇಷ್ಟೂ ಯಾವಾಗ ಸೈಟ್ ಮಾಡ್ತಾರಂತೆ?" ಎಂದು ಕೇಳುತ್ತಿದ್ದರು. ರೂತ್ ಮನೆಯಲ್ಲಿ ಟೊಮೆಟೊ ಸೂಪು, ಸುಟ್ಟ ಬ್ರೆಡ್ಡು. ನಾನು ತಂದ ಮೈಸೂರು ಸಿಲ್ಕ್ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿ ನೋಡಿಕೊಂಡರು. ಫೋಟೊ ನೋಡಿ ಅಂದಾಜಿನ ಮೇಲೆ ತಂದಿದ್ದ ಬಳೆಗಳು ಮಾತ್ರ ಅವರ ಗೆಣ್ಣು ದಾಟಲಿಲ್ಲ. ಅದಕ್ಕೇನು ಎಂದು ಅಡುಗೆಮನೆ ಕಿಟಕಿಯ ಚಿಲಕಕ್ಕೆ ನೇತುಹಾಕಿದರು.

ಮರುದಿನ ಶುಕ್ರವಾರ ಇಂಚರ ನನ್ನನ್ನು ಕ್ಲಾಸಿಗೆ ಕರೆದುಕೊಂಡು ಹೋದಳು. ಅಲ್ಲಿ ಮಾರ್ಕ್ಸ್ ಕಡಿಮೆಯಾದರೆ ಎಂಥ ಆಟಗಾರ್ತಿಯನ್ನೂ ಕೋರ್ಟಿಗೆ ಇಳಿಸುವುದಿಲ್ಲವಂತೆ. ಊರೂರು ಸುತ್ತಿ ಆಡುವಾಗಲೂ ಬಸ್ಸಿನಲ್ಲಿ ಓದಲೇಬೇಕು. ಮೊದಲು ಬಿಸಿನೆಸ್ ಓದುತ್ತಿದ್ದವಳು, ಕಾಲು ಕೆಟ್ಟ ಮೇಲೆ ವ್ಯಾಯಾಮ ವಿಜ್ಞಾನಕ್ಕೆ ಬದಲಾಯಿಸಿಕೊಂಡಿದ್ದಳು. ಅಂದು ಮಂಡಿ ಗಾಯದಿಂದ ಚೇತರಿಸಿಕೊಳ್ಳುವುದರ ಬಗ್ಗೆ ಅವಳ ಸೆಮಿನಾರ್ ಇತ್ತು. ನನಗೆ ಅರ್ಧವೂ ಅರ್ಥವಾಗಲಿಲ್ಲ. ಆದರೆ ಚಂದ್ರಾ ಲೇಔಟಿನಲ್ಲಿ ದೋಸೆಗಾಗಿ ಅಳುತ್ತಿದ್ದ ಹುಡುಗಿಯ ಮಾತನ್ನು ಇಪ್ಪತ್ತು ಜನ ಬರೆದುಕೊಳ್ಳುತ್ತಿದ್ದರು. ಮುಂದಿನ ವರ್ಷ ಫಿಸಿಯೋಥೆರಪಿ ಓದಲು ಸೀಟೂ ಸಿಕ್ಕಿದೆ. ಇಷ್ಟಕ್ಕೇ ವಿಮಾನದ ದುಡ್ಡು ಸಂದಿತು ಎನ್ನಿಸಿತು.

ಸಂಜೆ ರೂತ್ ಪಾತ್ರೆ ತೊಳೆಯುತ್ತಾ ನನ್ನೊಬ್ಬಳಿಗೇ ಒಂದು ಮಾತು ಹೇಳಿದರು. ನನಗೆ ತಿಳಿಯಲೆಂದು ಬಿಡಿಸಿ ಬಿಡಿಸಿ, ಕೈಯಲ್ಲಿ ತೋರಿಸುತ್ತಾ ಹೇಳಿದರು: ಕಾಲು ವಾಸಿಯಾಗಿದೆ, ಡಾಕ್ಟರೂ ಒಪ್ಪಿದ್ದಾರೆ, ಓಡುತ್ತಾಳೆ, ಬಾಲ್ ಹಾಕುತ್ತಾಳೆ, ಆದರೆ ಬಿದ್ದ ದಿನದಿಂದ ಒಮ್ಮೆಯೂ ನೆಲ ಬಿಟ್ಟು ಹಾರಿಲ್ಲ. ಆದರೂ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಕೋರ್ಟಿಗೆ ಇಳಿದರೆ ತಾನಾಗಿ ಹಾರುತ್ತಾಳೆ ಎಂದು ಸಮಾಧಾನ ಮಾಡಿಕೊಂಡೆ.

ಶನಿವಾರ ಮ್ಯಾಚು. ಒಳಾಂಗಣದ ಮರದ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೊನೆಯ ವರ್ಷದ ಹುಡುಗಿಯರು ಹೆತ್ತವರೊಂದಿಗೆ ಕೋರ್ಟಿನ ನಡುವಿಗೆ ನಡೆದು ಬರುವ ಶಾಸ್ತ್ರ ಇತ್ತು. ಇಂಚರಳ ಒಂದು ಕಡೆ ನಾನು, ಅವರಪ್ಪನ ಜಾಗದಲ್ಲಿ ರೂತ್. ಗೆರೆಯ ಹತ್ತಿರ ಬಂದಾಗ ನಾನು ಬಗ್ಗಿ ಶೂ ಬಿಚ್ಚಲು ಹೋದೆ.

"ಅಮ್ಮ, ಬೇಡ! ಇಲ್ಲಿ ಹಂಗೆಲ್ಲಾ ಇಲ್ಲ, ಎಲ್ರೂ ನೋಡ್ತಾರೆ" ಎಂದು ಇಂಚರ ತೋಳು ಹಿಡಿದಳು.

ಶೂ ಹಾಕಿಕೊಂಡೇ ನಡೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನ ಕೈಗೆ ಹೂ ಕೊಟ್ಟರು. ದೇವರ ಮನೆಗೆ ಚಪ್ಪಲಿ ಮೆಟ್ಟಿಕೊಂಡು ಹೋದ ಕಸಿವಿಸಿ ಮಾತ್ರ ಹೋಗಲಿಲ್ಲ.

ಆಟ ಶುರುವಾಯಿತು. ಇಂಚರ ಬೆಂಚಿನ ಮೇಲೆ ಕೂತಿದ್ದಳು. ಅರ್ಧ ಆಟ ಮುಗಿಯಿತು, ಕೂತೇ ಇದ್ದಳು. ಅವರ ಕೋಚ್, ಬಾಬ್ ಕಟ್ ಮಾಡಿಸಿಕೊಂಡ ಎತ್ತರದ ಹೆಂಗಸು, ಒಮ್ಮೆ ಅವಳ ಕಡೆ ತಿರುಗಿ ಏನೋ ಅಂದಿದ್ದು ಕಂಡಿತು. ಎದ್ದಳು ಎಂದುಕೊಂಡು ನಾನೂ ಎದ್ದು ನಿಂತೆ. ಇನ್ನೊಬ್ಬ ಹುಡುಗಿ ಒಳಗೆ ಹೋದಳು. ಕೊನೆಯ ಗಂಟೆ ಬಾರಿಸಿತು, ಇವರ ತಂಡ ಗೆದ್ದಿತು, ಎಲ್ಲರೂ ಕುಣಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕೋಚ್ ನಗುತ್ತಾ ಬಂದು ನನ್ನ ಕೈ ಕುಲುಕಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. "ಅಷ್ಟ್ ದೂರದಿಂದ ಬಂದಿದೀನಿ ಮೇಡಂ, ಎರಡು ನಿಮಿಷ ಆಡ್ಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಕನ್ನಡದಲ್ಲೇ ಕೇಳಿದೆ. ಇಂಚರ ಅದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಕೋಚ್ ಕಣ್ಣು ಒದ್ದೆಯಾಗಿ ನನ್ನ ಎರಡೂ ಕೈ ಹಿಡಿದುಕೊಂಡರು.

"ಏನಂದೇ ಅವ್ರಿಗೆ?"

"ನನ್ ಮಗಳನ್ನ ನಾಲ್ಕು ವರ್ಷ ಚೆನ್ನಾಗಿ ನೋಡ್ಕೊಂಡ್ರಿ, ಋಣ ತೀರ್ಸಕ್ಕಾಗಲ್ಲ ಅಂತ ನೀನಂದೆ ಅಂದೆ." ಸ್ವಲ್ಪ ತಡೆದು ಹೇಳಿದಳು, "ಅವ್ರು ಕರೆದ್ರು ಅಮ್ಮ. ನಾನೇ ಬೇಡ ಅಂದೆ. ನಿನ್ ಕಣ್ಮುಂದೆ ಬಿದ್ಬಿಟ್ರೆ ಅಂತ..."

ಅವಳು ಕೋಚ್‌ಗೆ ಹೇಳಿದ್ದೇ ನಿಜವಾಗಿ ನಾನು ಹೇಳಬೇಕಾಗಿದ್ದ ಮಾತು. ಹೋಗಿ ಆ ಹೆಂಗಸಿಗೆ ಕೈ ಮುಗಿದು ಬಂದೆ.

ಭಾನುವಾರ ಬೆಳಗ್ಗೆ ಕರಕರ ಸದ್ದಿಗೆ ಎಚ್ಚರವಾಯಿತು. ಹೊರಗೆ ರೂತ್ ಒಬ್ಬರೇ ಸಲಿಕೆ ಹಿಡಿದು, ಕಾರು ನಿಲ್ಲಿಸುವ ಸಿಮೆಂಟ್ ಜಾಗದ ಮೇಲಿನ ಹಿಮ ತಳ್ಳುತ್ತಿದ್ದರು. ಕಾರ್ ಶೆಡ್ಡಿನ ಬಾಗಿಲ ಮೇಲೆ ಒಂದು ರಿಂಗ್ ಇತ್ತು. ಆಪರೇಷನ್ ಆದ ಮೇಲೆ ಇಂಚರ ಮನೆಯಲ್ಲೇ ಅಭ್ಯಾಸ ಮಾಡಲೆಂದು ಅವರೇ ಹಾಕಿಸಿದ್ದರಂತೆ. ಸ್ವಂತ ಮೊಮ್ಮಕ್ಕಳಿಗೂ ಯಾರೂ ಅಷ್ಟು ಮಾಡುವುದು ಕಾಣೆ. ಅವರು ಇಂಚರಳಿಗೆ ಹೇಳಿದರು: ನಿಮ್ಮಮ್ಮ ನಿನ್ನ ಆಟ ನೋಡಲು ಬಂದಿದ್ದಾರೆ, ಮ್ಯಾಚಿನಲ್ಲಿ ಆಗಲಿಲ್ಲ, ಇಲ್ಲಿ ತೋರಿಸು.

ಇಂಚರ ಒಲ್ಲದ ಮನಸ್ಸಿನಿಂದ ಬಾಲ್ ತಂದಳು. ನಾನು ಸ್ವೆಟರ್ ಮೇಲೆ ಸೆರಗು ಸಿಕ್ಕಿಸಿದೆ. ಸಿಮೆಂಟಿನ ಅಂಚಿನಲ್ಲಿ ಶೂ, ಕಾಲುಚೀಲ ಎರಡೂ ಬಿಚ್ಚಿಟ್ಟೆ. ಸಿಮೆಂಟ್ ಕೋರ್ಟು, ಮೇಲೆ ರಿಂಗು, ಎದುರಿಗೆ ಮಗಳು. ನನಗೆ ಬೇರೆ ಏನೂ ತೋಚಲೇ ಇಲ್ಲ. ಕಾಲಿಟ್ಟೊಡನೆ ಕೆಂಡ ತುಳಿದಂತಾಯಿತು. ರೂತ್ ಸಲಿಕೆ ಬಿಸಾಡಿ ಕೂಗುತ್ತಾ ಒಳಗೆ ಓಡಿದರು. ಇಂಚರ ಈ ಸಲ ತಡೆಯಲಿಲ್ಲ. ಹಿಂದಿನ ದಿನದಿಂದ ಬಿಗಿದಿದ್ದ ಮುಖ ಸಡಿಲವಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೃಷ್ಣಪ್ಪ ಸಾರ್ ಇಲ್ಲೂ ಬಂದ್ರಾ ಅಮ್ಮ?" ಎಂದಳು. ಆಮೇಲೆ ತಾನೂ ಬಗ್ಗಿ ಸಿಮೆಂಟಿನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಈ ದೇಶಕ್ಕೆ ಬಂದ ಮೇಲೆ ನಾಚಿಕೆಯಿಂದ ಬಿಟ್ಟಿದ್ದಳಂತೆ.

ರೂತ್ ದಪ್ಪ ಉಣ್ಣೆಯ ಕಾಲುಚೀಲ ತಂದು ಮಗುವಿಗೆ ತೊಡಿಸುವಂತೆ ನನಗೆ ತೊಡಿಸಿದರು. ಕಾಲುಚೀಲದ ಬಗ್ಗೆ ಕೃಷ್ಣಪ್ಪ ಸಾರ್ ಏನೂ ಹೇಳಿಲ್ಲವೆಂದು ಒಪ್ಪಿಕೊಂಡೆ. ರಿಂಗ್ ಕೆಳಗೆ ನಿಂತೆ. ಅವಳು ನಿಂತಲ್ಲಿಂದಲೇ ಹಾಕುತ್ತಿದ್ದಳು, ನಾನು ಎತ್ತಿ ಎಸೆಯುತ್ತಿದ್ದೆ. ಕೋಡುಬಳೆ ಹೇಗಿದೆ, ಅಜ್ಜಿಯ ಬಾಯಿ ಹೇಗಿದೆ ಎಂದು ಮಾತೂ ನಡೆದಿತ್ತು. ಚಳಿಗೆ ನನ್ನ ಬೆರಳು ಮರಗಟ್ಟಿದ್ದವು. ಒಂದು ಬಾಲ್ ಅಳತೆ ತಪ್ಪಿ ಅವಳ ತಲೆಯ ಮೇಲಕ್ಕೆ ಹೋಯಿತು. ಅಯ್ಯೋ ಎನ್ನುವಷ್ಟರಲ್ಲಿ ಇಂಚರ ಹಾರಿದಳು. ಎರಡೂ ಕಾಲು ನೆಲ ಬಿಟ್ಟು ಮೇಲೆ ಹೋಗಿ, ಬಾಲ್ ಹಿಡಿದು, ಇಳಿದು, ನಿಂತಳು.

ಅವಳು ತನ್ನ ಮಂಡಿಯನ್ನೇ ನೋಡಿಕೊಂಡಳು. ರೂತ್ ಎರಡೂ ಕೈ ಬಾಯಿಗೆ ಅಡ್ಡ ಹಿಡಿದುಕೊಂಡಿದ್ದರು.

"ಅಮ್ಮ," ಎಂದಳು ಇಂಚರ, "ಇನ್ನೊಂದ್ಸಲ ಹಂಗೇ ಎಸಿ."

ಈ ಸಲ ಬೇಕೆಂದೇ ಮೇಲಕ್ಕೆ ಎಸೆದೆ. ಅವಳು ಹಾರಿ ಹಿಡಿದಳು. ಬೇಕೆನ್ನುವಷ್ಟು ಸಲ ಎಸೆದೆ. ಕಣ್ಣೀರು ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ಒಳಗೆ ಹೋದ ಮೇಲೆ ನಮ್ಮತ್ತೆಯ ಕುಂಕುಮವನ್ನು ಅವಳ ಮಂಡಿಗೆ ಹಚ್ಚಿದೆ. ರೂತ್ ತಾವೂ ಹಣೆ ಒಡ್ಡಿದರು. ಈ ಹೆಂಗಸಿಗೆ ಏನು ಕೊಟ್ಟರೂ ಸಾಲದು ಎಂದು ಗೊತ್ತಿತ್ತು. ಆ ನಾಲ್ಕು ಸಾಲು ಇಂಗ್ಲಿಷು ಆಗ ನೆನಪಾಯಿತು, ಹೇಳಿದೆ.

ಮುಂದಿನ ವಾರ ಹಿಂತಿರುಗಿದೆ. ರೂತ್ ಮನೆಯ ತಿರುವಿನಲ್ಲಿ ಕಾರಿನಿಂದ ಹಿಂದೆ ನೋಡಿದಾಗ ರಿಂಗ್ ಕೆಳಗೆ ಮತ್ತೆ ಹೊಸ ಹಿಮ ಬಿದ್ದಿತ್ತು.

ಬೆಂಗಳೂರಿನಲ್ಲಿ ಆಗಲೇ ಬಿಸಿಲು ಚುರುಕಾಗಿತ್ತು. ಸಂಜೆ ಕ್ಲಬ್ಬಿಗೆ ಹೋಗಿ ಗೆರೆಯ ಹೊರಗೆ ಚಪ್ಪಲಿ ಬಿಟ್ಟೆ. ಕೃಷ್ಣಪ್ಪ ಸಾರ್ ಮಕ್ಕಳನ್ನು ಓಡಿಸುತ್ತಿದ್ದರು.

"ಬನ್ನಿ ಅಮ್ಮ. ಮ್ಯಾಚ್ ಹೆಂಗಿತ್ತು? ಎಷ್ಟು ಪಾಯಿಂಟ್ ಹೊಡೆದ್ಲು?"

"ಮ್ಯಾಚಲ್ಲಿ ಆಡ್ಲಿಲ್ಲ ಸಾರ್. ಮಾರನೇ ದಿನ ಹಾರಿದ್ಲು" ಎಂದೆ. "ನಾನೇ ಬಾಲ್ ಎತ್ತಿಕೊಟ್ಟಿದ್ದು."

ಸಾರ್ ಊದಲು ತೆಗೆದ ವಿಸಿಲ್ಲನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು, ಉರುಳಿ ಬಂದ ಬಾಲೊಂದನ್ನು ತಾವೇ ಬಗ್ಗಿ ಎತ್ತಿ ನನ್ನ ಕೈಗೆ ಕೊಟ್ಟರು.