ಕೆಂಪು ಸಮುದ್ರ ದಾಟಿದ ಮೂರು ದಿನ

ಕೆಂಪು ಸಮುದ್ರದಲ್ಲಿ ಸರಕು ಹಡಗುಗಳ ಮೇಲೆ ಕ್ಷಿಪಣಿ ಬೀಳುತ್ತಿದ್ದ ಕಾಲ ಅದು. ಒಂದು ಸರಕು ಹಡಗಿನಲ್ಲಿ ನನ್ನ ತಮ್ಮ ಎಂಜಿನಿಯರ್ ಆಗಿದ್ದ. ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಮಣ್ಣಗುಡ್ಡದ ಮನೆಗೆ ಬಂದು ಮೀನಿಗೆ ಮಸಾಲೆ ಹಚ್ಚುತ್ತಿದ್ದಾಗ ಅವನ ಫೋನ್ ಬಂತು.

"ಸ್ವಲ್ಪ ಹೊರಗೆ ಬಾ. ಮಮ್ಮಿಗೆ ಕೇಳುದು ಬೇಡ" ಎಂದ.

ಹಡಗು ಕೆಂಪು ಸಮುದ್ರದ ದಾರಿಯಾಗಿ ಯುರೋಪಿಗೆ ಹೋಗುತ್ತದೆ. ಇಷ್ಟವಿಲ್ಲದವರು ಈಗ ನಿಂತಿರುವ ಬಂದರಿನಲ್ಲೇ ಇಳಿಯಬಹುದು ಎಂದು ಒಂದು ಕಾಗದ ಕೊಟ್ಟಿದ್ದಾರಂತೆ.

"ಮತ್ತೆಂತ ಯೋಚನೆ? ಇಳಿ."

"ಎಲ್ಲರೂ ಇಳಿದ್ರೆ ಎಂಜಿನ್ ಯಾರು ನೋಡ್ತಾರೆ? ಆಫ್ರಿಕಾ ಸುತ್ತಿ ಹೋದ್ರೆ ಎಣ್ಣೆ ಜಾಸ್ತಿ ಉರೀತದೆ, ಹೊಗೆ ಜಾಸ್ತಿ. ಈಗ ಯುರೋಪಿನವರು ಹಡಗಿನ ಹೊಗೆಗೂ ದುಡ್ಡು ಕೇಳ್ತಾರೆ. ಅದಕ್ಕೇ ಕಂಪನಿ ಈ ದಾರಿ ಹಿಡಿದದ್ದು ಅಂತ ಇಲ್ಲಿ ಮಾತುಂಟು. ಹೆದರಬೇಡ, ಯುರೋಪಿನವರದ್ದೇ ಯುದ್ಧನೌಕೆ ನಮ್ಮ ಜೊತೆ ಬರ್ತದೆ."

ಹಡಗಿನಲ್ಲೇ ಉಳಿಯುತ್ತೇನೆಂದು ಅವನು ಆಗಲೇ ಸಹಿ ಹಾಕಿ ಆಗಿತ್ತು. ಮೂರು ದಿನ ಹಡಗಿನಿಂದ ಯಾವ ಸುದ್ದಿಯೂ ಹೊರಗೆ ಹೋಗುವುದಿಲ್ಲ ಎಂದು ಹೇಳಿ ಫೋನ್ ಇಟ್ಟ. ನಾನು ಒಳಗೆ ಬಂದು ಮೀನು ಹುರಿದೆ. ಯಾರ ಫೋನ್ ಎಂದು ಮಮ್ಮಿ ಕೇಳಿದಾಗ ಕಾಲೇಜಿನದ್ದು ಎಂದೆ.

ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವಳು. ಜಗತ್ತಿನ ಶಾಂತಿ, ಭದ್ರತೆ, ಹವಾಮಾನ ನ್ಯಾಯ, ಇವುಗಳಲ್ಲಿ ಯುರೋಪಿನ ಪಾತ್ರವನ್ನು ಎಷ್ಟೋ ವರ್ಷಗಳಿಂದ ಐದು ಅಂಕದ ಪ್ರಶ್ನೆಯಾಗಿ ಬರೆಸುತ್ತ ಬಂದಿದ್ದೆ. ಮರುದಿನ ತರಗತಿಯಲ್ಲಿ ಅದೇ ಪಾಠ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಅವರು ಕೆಂಪು ಸಮುದ್ರಕ್ಕೆ ಯುದ್ಧನೌಕೆ ಕಳಿಸುದು ಶಾಂತಿಗಾ, ಅವರ ಸಾಮಾನು ಸರಿಯಾಗಿ ಬರ್ಲಿಕ್ಕಾ?"

ಬೇರೆ ದಿನವಾಗಿದ್ದರೆ ಶಹಬ್ಬಾಸ್ ಅನ್ನುತ್ತಿದ್ದೆ. ಅಂದು "ಸುಮ್ಮನೆ ಕೂತ್ಕೊ" ಎಂದು ಗದರಿದೆ. ಅವಳ ಮುಖ ಸಪ್ಪಗಾಯಿತು. ನನಗೆ ಬೇಕಿದ್ದದ್ದು ಉತ್ತರವಲ್ಲ; ಯಾವ ಕಾರಣಕ್ಕಾದರೂ ಆಗಲಿ, ಆ ನೌಕೆ ತಮ್ಮನ ಪಕ್ಕದಲ್ಲಿರಬೇಕು, ಅಷ್ಟೆ.

ಅದೇ ಹಡಗಿನ ಅಡುಗೆಯವನು ಉಳ್ಳಾಲದ ಒಬ್ಬ ಬ್ಯಾರಿ ಮುಸಲ್ಮಾನ. ಇಂಗ್ಲಿಷ್ ಸುದ್ದಿ ನನಗೆ ಅರ್ಥವಾಗುತ್ತದೆಂದು ತಮ್ಮ ನನ್ನ ನಂಬರನ್ನು ಅವನ ಹೆಂಡತಿಗೆ ಕೊಟ್ಟಿದ್ದ. ಅವಳು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಫೋನ್ ಮಾಡುತ್ತಿದ್ದಳು. "ಟೀಚರೇ, ಎಂತಾದ್ರೂ ಗೊತ್ತಾಯ್ತಾ?" ಇಲ್ಲ ಎಂದು ಹೇಳಿ ಹೇಳಿ ಆ ಮಾತೇ ನನಗೆ ಅಪಶಕುನದಂತೆ ಕೇಳತೊಡಗಿತ್ತು.

ಮೂರನೆಯ ದಿನ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಮೊಬೈಲ್ ತೆರೆದರೆ ಸುದ್ದಿ: ಕೆಂಪು ಸಮುದ್ರದಲ್ಲಿ ಒಂದು ಸರಕು ಹಡಗಿಗೆ ಬೆಂಕಿ. ಹೆಸರು ತಿಳಿದಿಲ್ಲ. ಹಡಗು ಕಂಪನಿಯ ಮುಂಬೈ ಕಚೇರಿಗೆ ಫೋನ್ ಮಾಡಿದೆ. "ನಮಗೂ ಮಾಹಿತಿ ಇಲ್ಲ, ಮೇಡಂ" ಎಂದರು. ಅಷ್ಟರಲ್ಲಿ ಉಳ್ಳಾಲದಿಂದ ನಾಲ್ಕು ಸಲ ಕರೆ ಬಂದಿತ್ತು. ಎತ್ತಲು ಧೈರ್ಯವಾಗಲಿಲ್ಲ. ರಜೆ ಬರೆದುಕೊಟ್ಟು ಉಳ್ಳಾಲದ ಬಸ್ಸು ಹತ್ತಿದೆ. ನೇತ್ರಾವತಿ ಹೊಳೆಯ ಸಂಕ ದಾಟುವಾಗಲೂ ಮೊಬೈಲಿನಲ್ಲಿ ಆ ಹಡಗಿನ ಹೆಸರು ಹುಡುಕುತ್ತಿದ್ದೆ.

ದಾರಿ ಕೇಳುತ್ತ ಹೋದೆ; ಅವಳ ಮನೆ ಕಡಲಿನ ಬದಿಯಲ್ಲೇ. ಹಿಂದಿನ ಮಳೆಗಾಲದಲ್ಲಿ ಅಲೆ ಹೊಡೆದು ಅಡುಗೆಮನೆಯ ಗೋಡೆ ಬಿದ್ದಿತ್ತು; ಅಲ್ಲಿಗೆ ತಗಡಿನ ಶೀಟು ಅಡ್ಡ ಕಟ್ಟಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಅವಳು ಬಾಗಿಲಲ್ಲೇ ಕುಸಿದು ಕೂತಳು.

"ಹೋಯ್ತಾ ಟೀಚರೇ?"

"ಇಲ್ಲ ಇಲ್ಲ. ಬೆಂಕಿ ಬಿದ್ದದ್ದು ಬೇರೆ ಹಡಗಿಗೆ. ನಮ್ಮದರ ಜೊತೆ ಯುರೋಪಿನ ಯುದ್ಧನೌಕೆ ಉಂಟು." ಇದರಲ್ಲಿ ಒಂದು ಮಾತೂ ನನಗೆ ಗೊತ್ತಿದ್ದದ್ದಲ್ಲ. ಆದರೂ ಪಾಠ ಮಾಡುವ ಗಟ್ಟಿ ದನಿಯಲ್ಲೇ ಹೇಳಿದೆ.

ಅವಳು ನಂಬಿದಳು. ಎದ್ದು ಚಾ ಮಾಡಿದಳು. ತಗಡಿನ ಆಚೆ ಅಲೆ ಅಪ್ಪಳಿಸಿದಾಗಲೆಲ್ಲ ಇಬ್ಬರೂ ಬೆಚ್ಚುತ್ತಿದ್ದೆವು.

"ಹೋದ ವರ್ಷ ವಿದೇಶದವರು ಇಬ್ಬರು ಬಂದಿದ್ರು" ಎಂದಳು. "ಗೋಡೆಯ ಫೋಟೋ ತೆಗೆದ್ರು. ಭೂಮಿ ಬಿಸಿಯಾಗಿ ಕಡಲು ಏರ್ತಾ ಉಂಟು, ಅದರಲ್ಲಿ ಅವರ ದೇಶದ ತಪ್ಪೂ ಉಂಟು ಅಂತ ಹೇಳಿದ್ರಂತೆ. ಒಳ್ಳೆಯ ಜನ. ಆದ್ರೆ ಟೀಚರೇ, ಹಡಗಿಗಾದ್ರೆ ಕಾವಲು ಬರ್ತದೆ. ಈ ಗೋಡೆಗೆ ಯಾರು ಬರ್ತಾರೆ?"

ನಾನು ಎದ್ದು, ಗಾಳಿಗೆ ಸಡಿಲಾಗಿದ್ದ ತಗಡಿನ ಹಗ್ಗವನ್ನು ಬಿಗಿದು ಕಟ್ಟಿದೆ.

ನಾಲ್ಕು ಗಂಟೆಯ ಹೊತ್ತಿಗೆ ತಮ್ಮನ ಸಂದೇಶ ಬಂತು: "ದಾಟಿದೆವು. ಬೆಂಕಿ ಬಿದ್ದದ್ದು ನಮ್ಮ ಹಿಂದಿನ ಹಡಗಿಗೆ." ಗಟ್ಟಿಯಾಗಿ ಓದಿದೆ. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ. ಬಸ್ಸಿಗೆ ಕಾಯುವಾಗಷ್ಟೇ ನಾವು ಸಂಭ್ರಮಪಟ್ಟದ್ದು ಯಾವುದಕ್ಕೆಂದು ಹೊಳೆಯಿತು. ಆ ಇನ್ನೊಂದು ಹಡಗಿನವರ ಮನೆಯಲ್ಲೂ ಯಾರೋ ಫೋನ್ ಹಿಡಿದು ಕೂತಿದ್ದರು.

ಎರಡು ತಿಂಗಳ ನಂತರ ತಮ್ಮ ರಜೆಯಲ್ಲಿ ಬಂದ. ಯುದ್ಧನೌಕೆ ಅರ್ಧ ದಿನ ಮಾತ್ರ ಇವರ ಜೊತೆಗಿತ್ತಂತೆ. ಹಿಂದಿನ ಹಡಗಿಗೆ ಪೆಟ್ಟು ಬಿದ್ದ ಕೂಡಲೇ ಅದು ತಿರುಗಿ ಅಲ್ಲಿಗೆ ಹೋಗಿ, ನೀರಿಗೆ ಹಾರಿದವರನ್ನೆಲ್ಲ ಎತ್ತಿಕೊಂಡಿತು. ಉಳಿದ ದಾರಿಗೆ ಇವರು ಕಾವಲಿಲ್ಲದೆ ಹೋದರು.

"ಆಗ ನಿಮಗೆ ಹೆದರಿಕೆ ಆಗ್ಲಿಲ್ವಾ?" ಎಂದೆ.

"ಆಯ್ತು. ಆದ್ರೆ ಅವರು ಹೋದದ್ದು ಸರಿ ಅಲ್ವಾ?" ಎಂದು ಅವನು ಊಟದ ತಟ್ಟೆಯ ಕಡೆ ನೋಡಿದ. ಬಡಿಸುತ್ತಿದ್ದ ಮಮ್ಮಿಗೆ ವಿಷಯವೆಲ್ಲ ತಿಳಿದದ್ದು ಆಗಲೇ. ಅವರು ನನ್ನನ್ನು ಬಯ್ಯಲಿಲ್ಲ. ಆಮೇಲೆ ಒಂದು ವಾರ ನನಗೆ ಬಂದ ಫೋನನ್ನೆಲ್ಲ ತಾವೇ ಎತ್ತುತ್ತಿದ್ದರು.

ಅಡುಗೆಯವನು ಮತ್ತೆ ಸಮುದ್ರಕ್ಕೆ ಹೋಗಲಿಲ್ಲ. ಹೆಂಡತಿ ಬಿಡಲಿಲ್ಲ. ಈಗ ಉಳ್ಳಾಲದ ಪಕ್ಕದ ತೊಕ್ಕೊಟ್ಟಿನ ಒಂದು ಹೋಟೆಲಿನಲ್ಲಿ ಬಿರಿಯಾನಿ ಮಾಡುತ್ತಾನೆ. ತಮ್ಮ ಮಾತ್ರ ಪುನಃ ಹಡಗು ಹತ್ತಿದ, ಈ ಸಲ ಆಫ್ರಿಕಾ ಸುತ್ತುವ ದಾರಿ. ಮಳೆಗಾಲ ಹತ್ತಿರ ಬರುತ್ತಿದೆ. ಈಗ ದಿನಾ ಉಳ್ಳಾಲಕ್ಕೆ ಫೋನ್ ಮಾಡುವವಳು ನಾನು. "ಕಡಲು ಹೇಗುಂಟು?" ಎಂದು ಕೇಳುತ್ತೇನೆ. ನಿನ್ನೆ ಅವಳು, "ಒಂದು ತೆಂಗಿನ ಮರ ಹೋಯ್ತು ಟೀಚರೇ. ಮನೆ ಉಂಟು" ಎಂದಳು.